ಬಸುರಿನ ಕಾಯಿಲೆಗೆ ರಜೆ: ಕೆಲಸ ಉಳಿಸಿಕೊಳ್ಳಲು ಕಾನೂನಿನ ಆಸರೆ ಎಷ್ಟು?

ಕಮ್ಮರಡಿ: ಅಡಿಕೆ ಕೊಯ್ಲು ಮುಗಿಯುವ ಮೊದಲೇ ಕಾಫಿ ಹಣ್ಣಾಗುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳಲ್ಲಿ ಆಳುಗಳಿಗೆ ಬೇಡಿಕೆ ಏರುವುದು ಇದೇ ಸಮಯದಲ್ಲಿ. ಈ ಸುಗ್ಗಿಯ ನಡುವೆ ಬಸುರಿ ಹೆಂಗಸೊಬ್ಬರು ನಿಲ್ಲದ ವಾಂತಿಯಿಂದಲೋ, ಏರಿದ ರಕ್ತದೊತ್ತಡದಿಂದಲೋ, ರಕ್ತಸ್ರಾವದಿಂದಲೋ ಹಾಸಿಗೆ ಹಿಡಿದರೆ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬೀಳುವುದು 'ಗೈರು' ಎಂಬ ಗುರುತು ಮಾತ್ರ. ಆ ಗೈರುಹಾಜರಿಯು ಕಾನೂನಿನ ಕಣ್ಣಿನಲ್ಲಿ ಸಂಬಳ ಸಹಿತ ರಜೆಯೋ ಅಥವಾ ಕೆಲಸ ಬಿಟ್ಟು ಹೋದದ್ದೋ ಎಂಬ ಪ್ರಶ್ನೆ ಮುಂದೆ ಏಳುತ್ತದೆ. ಹಲವು ಸಲ ಅದನ್ನು ತೀರ್ಮಾನಿಸುವುದು ವೈದ್ಯರ ಒಂದು ಪ್ರಮಾಣಪತ್ರ ಮತ್ತು ಮಾಲೀಕರಿಗೆ ಕೊಟ್ಟ ಒಂದು ಲಿಖಿತ ಸೂಚನೆ.

ತೋಟದ ಲೈನ್ ಮನೆಯಲ್ಲಿ ವಾಸಿಸುವ ಕುಟುಂಬಕ್ಕೆ ಈ ಪ್ರಶ್ನೆ ಇನ್ನೂ ದೊಡ್ಡದು. ಅಲ್ಲಿ ಕೆಲಸ ಹೋದರೆ ಕೂಲಿಯೊಂದೇ ಅಲ್ಲ, ತಲೆಯ ಮೇಲಿನ ಸೂರಿಗೂ ಸಂಚಕಾರ ಬರುವ ಭಯವಿರುತ್ತದೆ. ಆದ್ದರಿಂದ ಗರ್ಭಧಾರಣೆಗೆ ಸಂಬಂಧಿಸಿದ ಅನಾರೋಗ್ಯದ ಸಮಯದಲ್ಲಿ ಕಾನೂನು ಏನನ್ನು ಕೊಡುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ದುಡಿಯುವ ಮಹಿಳೆಯರೂ ಅವರ ಮನೆಯವರೂ ತಿಳಿದಿರುವುದು ಅಗತ್ಯ.

ಹಳೆಯ ಕಾಯ್ದೆ, ಹೊಸ ಸಂಹಿತೆ

ಭಾರತದಲ್ಲಿ ಹೆರಿಗೆ ಸೌಲಭ್ಯದ ಶಾಸನಕ್ಕೆ ದೀರ್ಘ ಇತಿಹಾಸವಿದೆ. ಮುಂಬಯಿ ಪ್ರಾಂತ್ಯದಲ್ಲಿ 1929ರಲ್ಲೇ ಇಂತಹ ಕಾಯ್ದೆ ಬಂದಿತ್ತು. ಕೆಲಸದ ಸ್ಥಳದಲ್ಲಿ ಮಾನವೀಯ ಪರಿಸ್ಥಿತಿಯನ್ನೂ ಹೆರಿಗೆ ಸೌಲಭ್ಯವನ್ನೂ ಒದಗಿಸುವುದು ಸರ್ಕಾರದ ಹೊಣೆಯೆಂದು ಸಂವಿಧಾನದ 42ನೇ ವಿಧಿ ಹೇಳುತ್ತದೆ. ಅದಕ್ಕನುಗುಣವಾಗಿ ಸಂಸತ್ತು 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯನ್ನು ಅಂಗೀಕರಿಸಿತು. 2017ರ ತಿದ್ದುಪಡಿಯ ಮೂಲಕ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು.

2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಸಂಹಿತೆಯ 6ನೇ ಅಧ್ಯಾಯ ಹೆರಿಗೆ ಸೌಲಭ್ಯಕ್ಕೆ ಮೀಸಲು. ಕಲಂ ಸಂಖ್ಯೆಗಳು ಬದಲಾಗಿವೆಯಾದರೂ ಹಕ್ಕುಗಳ ತಿರುಳು ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಹಳೆಯ ಕಾಯ್ದೆಯಲ್ಲಿ ಅನಾರೋಗ್ಯದ ರಜೆ 10ನೇ ಕಲಂನಲ್ಲಿಯೂ ವಜಾ ನಿಷೇಧ 12ನೇ ಕಲಂನಲ್ಲಿಯೂ ಇದ್ದವು. ಸಂಹಿತೆಯಲ್ಲಿ ಅವು ಕ್ರಮವಾಗಿ 65 ಮತ್ತು 68ನೇ ಕಲಂಗಳಾಗಿವೆ.

ಕಾಯಿಲೆಗೆ ಪ್ರತ್ಯೇಕ ಒಂದು ತಿಂಗಳು

ಹೆರಿಗೆ ರಜೆ 26 ವಾರ ಎಂಬುದು ಈಗ ಬಹುಮಂದಿಗೆ ತಿಳಿದಿದೆ. ಇದರಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಮುಂಚೆ ಹೆಚ್ಚೆಂದರೆ 8 ವಾರ ಪಡೆಯಬಹುದು. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳು ಬದುಕಿರುವ ತಾಯಿಗೆ ಒಟ್ಟು ರಜೆ 12 ವಾರ, ಹೆರಿಗೆಗೆ ಮುಂಚೆ ಹೆಚ್ಚೆಂದರೆ 6 ವಾರ.

ಅಷ್ಟಾಗಿ ತಿಳಿಯದ ಸಂಗತಿಯೆಂದರೆ, ಕಾಯಿಲೆಯ ರಜೆ ಈ 26 ವಾರಗಳೊಳಗೆ ಸೇರಿಲ್ಲ. ಗರ್ಭಧಾರಣೆ, ಹೆರಿಗೆ, ದಿನ ತುಂಬುವ ಮುಂಚಿನ ಹೆರಿಗೆ, ಗರ್ಭಪಾತ, ವೈದ್ಯಕೀಯ ಗರ್ಭಸಮಾಪ್ತಿ ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಉಂಟಾಗುವ ಕಾಯಿಲೆಗೆ ಹೆಚ್ಚುವರಿಯಾಗಿ ಒಂದು ತಿಂಗಳವರೆಗೆ ರಜೆ ಉಂಟು. ಆ ಅವಧಿಗೆ ಹೆರಿಗೆ ಸೌಲಭ್ಯದ ದರದಲ್ಲೇ ಸಂಬಳ ಕೊಡಬೇಕು. ಕಾಯಿಲೆಗೆ ಪುರಾವೆಯಾಗಿ ವೈದ್ಯರ ಪ್ರಮಾಣಪತ್ರ ಬೇಕು.

ಗರ್ಭಪಾತವಾದರೆ 6 ವಾರ, ಸಂತಾನಹರಣ ಶಸ್ತ್ರಚಿಕಿತ್ಸೆಯಾದರೆ 2 ವಾರ ಸಂಬಳ ಸಹಿತ ರಜೆಯಿದೆ. ಅದರಿಂದ ಕಾಯಿಲೆ ಬೆಳೆದರೆ ಮೇಲೆ ಹೇಳಿದ ಒಂದು ತಿಂಗಳು ಬೇರೆಯಾಗಿ ದೊರೆಯುತ್ತದೆ. ಗರ್ಭ ಧರಿಸಿದ 26ನೇ ವಾರದವರೆಗೆ ಆದದ್ದನ್ನು ಮಾತ್ರ ಕಾನೂನು ಗರ್ಭಪಾತವೆಂದು ಕರೆಯುತ್ತದೆ. ಆ ಬಳಿಕ ಮಗು ಸತ್ತು ಹುಟ್ಟಿದರೂ ಅದು ಹೆರಿಗೆಯೇ, ಏಕೆಂದರೆ 'ಮಗು' ಎಂಬ ಪದದ ವ್ಯಾಖ್ಯೆಯಲ್ಲಿ ಸತ್ತು ಹುಟ್ಟಿದ ಮಗುವೂ ಸೇರಿದೆ. ಮಗು ಉಳಿಯಲಿಲ್ಲವೆಂಬ ಕಾರಣಕ್ಕೆ ತಾಯಿಯನ್ನು ಬೇಗ ಕೆಲಸಕ್ಕೆ ಕರೆಯುವುದಕ್ಕೆ ಕಾನೂನಿನ ಸಮ್ಮತಿಯಿಲ್ಲ. ಹೆರಿಗೆ ಅಥವಾ ಗರ್ಭಪಾತವಾದ ಮೊದಲ 6 ವಾರಗಳಲ್ಲಿ ತಿಳಿದೂ ಕೆಲಸಕ್ಕೆ ಹಚ್ಚುವುದು ನಿಷಿದ್ಧ.

ಮಲೆನಾಡಿನ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಬಸುರಿಯೊಬ್ಬರಿಗೆ ತಗುಲಿದರೆ ಅದು ಉಣ್ಣಿಯಿಂದ ಬಂದ ಜ್ವರವೇ ಹೊರತು ಗರ್ಭಧಾರಣೆಯಿಂದ ಉಂಟಾದ ಕಾಯಿಲೆಯಲ್ಲ. ಅದಕ್ಕೆ ಸಾಮಾನ್ಯ ಅನಾರೋಗ್ಯ ರಜೆಯ ನಿಯಮ ಅನ್ವಯಿಸುತ್ತದೆ. ಆದರೆ ಜ್ವರದ ಪರಿಣಾಮವಾಗಿ ಗರ್ಭಪಾತವಾದರೆ ಗರ್ಭಪಾತದ ರಜೆಗೆ ಅಡ್ಡಿಯಿಲ್ಲ. ಆದಕಾರಣ ಪ್ರಮಾಣಪತ್ರದಲ್ಲಿ 'ಅನಾರೋಗ್ಯ' ಎಂದಷ್ಟೇ ಬರೆಸದೆ, ಕಾಯಿಲೆಗೂ ಗರ್ಭಕ್ಕೂ ಇರುವ ಸಂಬಂಧವನ್ನು ಸ್ಪಷ್ಟವಾಗಿ ನಮೂದಿಸುವಂತೆ ವೈದ್ಯರನ್ನು ಕೋರುವುದು ಲೇಸು.

ವಜಾ ಮಾಡುವಂತಿಲ್ಲ

ಕಾನೂನಿನ ಪ್ರಕಾರ ರಜೆಯಲ್ಲಿರುವ ಮಹಿಳೆಯನ್ನು ಆ ಅವಧಿಯಲ್ಲಿ ಅಥವಾ ಆ ಗೈರುಹಾಜರಿಯ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ರಜೆ ಮುಗಿಯುವುದರೊಳಗೆ ಅವಧಿ ತೀರುವಂತೆ ವಜಾ ನೋಟಿಸು ಕೊಡುವುದೂ ನಿಷಿದ್ಧ. ಕೆಲಸದಲ್ಲಿ ಉಳಿಸಿಕೊಂಡಂತೆ ತೋರಿಸಿ ಕೂಲಿ ತಗ್ಗಿಸುವುದು ಮುಂತಾದ ರೀತಿಯಲ್ಲಿ ಸೇವಾ ಷರತ್ತುಗಳನ್ನು ಆಕೆಗೆ ಹಾನಿಯಾಗುವಂತೆ ಬದಲಿಸುವುದಕ್ಕೂ ಅವಕಾಶವಿಲ್ಲ. ಒಂದು ತಿಂಗಳ ಕಾಯಿಲೆಯ ರಜೆಗೂ ಈ ರಕ್ಷಣೆ ಅನ್ವಯಿಸುತ್ತದೆ.

ಇನ್ನೊಂದು ರಕ್ಷಣೆ ಇದಕ್ಕಿಂತ ಭಿನ್ನವಾದುದು. ಬಸುರಿಯಾಗಿದ್ದಾಗ ಯಾವುದೇ ಸಮಯದಲ್ಲಿ ಕೆಲಸದಿಂದ ತೆಗೆದರೂ, ತೆಗೆಯದಿದ್ದರೆ ದೊರೆಯುತ್ತಿದ್ದ ಹೆರಿಗೆ ಸೌಲಭ್ಯವೂ ವೈದ್ಯಕೀಯ ಬೋನಸ್ಸೂ ಆಕೆಗೆ ತಪ್ಪುವುದಿಲ್ಲ. ನಿಯಮದಲ್ಲಿ ಹೆಸರಿಸಿದ ಗಂಭೀರ ದುರ್ನಡತೆಯ ಸಂದರ್ಭದಲ್ಲಿ ಮಾತ್ರ, ಅದೂ ಲಿಖಿತ ಆದೇಶದ ಮೂಲಕ, ಮಾಲೀಕರು ಅದನ್ನು ನಿರಾಕರಿಸಬಹುದು. ಮೊದಲನೆಯ ರಕ್ಷಣೆ ಕೆಲಸವನ್ನೇ ಉಳಿಸುತ್ತದೆ, ಎರಡನೆಯದು ಹಣವನ್ನು ಮಾತ್ರ ಉಳಿಸುತ್ತದೆ ಎಂಬುದು ನೆನಪಿರಬೇಕು.

ಕಾಯಿಲೆ ಬೀಳದಂತೆ ತಡೆಯುವ ನಿಯಮವೂ ಇದೆ. ಬಸುರಿ ಕೇಳಿಕೊಂಡರೆ, ನಿರೀಕ್ಷಿತ ಹೆರಿಗೆಗೆ ಮುಂಚಿನ 6 ವಾರಗಳ ಹಿಂದಿನ ಒಂದು ತಿಂಗಳು ಶ್ರಮದಾಯಕವಾದ ಅಥವಾ ಬಹಳ ಹೊತ್ತು ನಿಂತು ಮಾಡಬೇಕಾದ ಕೆಲಸ ಕೊಡಬಾರದು. ಆ 6 ವಾರಗಳಲ್ಲಿ ಆಕೆ ರಜೆ ಪಡೆಯದ ದಿನಗಳಿಗೂ ಈ ನಿಯಮವೇ. ಹಗುರ ಕೆಲಸ ಕೊಟ್ಟದ್ದಕ್ಕಾಗಿ ದಿನಗೂಲಿಯಲ್ಲಿ ಕಡಿತ ಮಾಡುವಂತಿಲ್ಲ. ತುಂಬು ಬಸುರಿಗೆ ಗೊಬ್ಬರ ಹೊರುವ ಬದಲು ಕಣದಲ್ಲಿ ಕುಳಿತು ಮಾಡುವ ಕೆಲಸ ಕೇಳುವ ಹಕ್ಕು ಇದೆಯೆಂದು ಇದರ ಅರ್ಥ.

ಕಾಫಿ ಒಳಗೆ, ಅಡಿಕೆ ಹೊರಗೆ

ಈ ಭಾಗದಲ್ಲಿ ಎಲ್ಲಕ್ಕಿಂತ ತೊಡಕಿನ ಪ್ರಶ್ನೆ ಕಾನೂನು ಯಾರಿಗೆ ಅನ್ವಯಿಸುತ್ತದೆ ಎಂಬುದು. ಕಾರ್ಖಾನೆ, ಗಣಿ, ಪ್ಲಾಂಟೇಷನ್‌ಗಳು ಹಾಗೂ 10 ಅಥವಾ ಹೆಚ್ಚು ನೌಕರರಿರುವ ಅಂಗಡಿ, ಸಂಸ್ಥೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಕೊಪ್ಪದ ಅಡಿಕೆ ಮಂಡಿ, ಶೃಂಗೇರಿಯ ವಸತಿಗೃಹ, ನರಸಿಂಹರಾಜಪುರದ ಬಟ್ಟೆ ಅಂಗಡಿ ಯಾವುದೇ ಇರಲಿ, 10 ನೌಕರರಿದ್ದರೆ ಹೊಣೆ ತಪ್ಪದು.

ತೋಟದ ಮಾತು ಬೇರೆ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯು ಚಹ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ಬೆಳೆಗಳನ್ನು ಹೆಸರಿಸಿ, 5 ಹೆಕ್ಟೇರ್ ಅಥವಾ ಹೆಚ್ಚು ವಿಸ್ತೀರ್ಣವೂ 15 ಅಥವಾ ಹೆಚ್ಚು ಕೆಲಸಗಾರರೂ ಇರುವ ತೋಟಗಳಿಗೆ ಅನ್ವಯಿಸುತ್ತಿತ್ತು. ಹೆರಿಗೆ ಸೌಲಭ್ಯದ ಕಾಯ್ದೆಯೂ 'ಪ್ಲಾಂಟೇಷನ್' ಎಂಬುದಕ್ಕೆ ಇದೇ ಅರ್ಥವನ್ನು ಬಳಸಿತು. ಹೊಸ ಸಂಹಿತೆಗಳಲ್ಲಿಯೂ ಹೆಸರಿಸಿರುವುದು ಈ ಐದು ಬೆಳೆಗಳನ್ನೇ. ಬೇರೆ ಬೆಳೆಯ ತೋಟ ಸೇರಬೇಕಾದರೆ ಸರ್ಕಾರದ ಅಧಿಸೂಚನೆ ಬೇಕು.

ಮಲೆನಾಡಿನ ಜೀವನಾಧಾರವಾದ ಅಡಿಕೆ ಈ ಪಟ್ಟಿಯಲ್ಲಿಲ್ಲ. ಎರಡು ಎಕರೆ ಅಡಿಕೆ ತೋಟದಲ್ಲಿ ದಿನಗೂಲಿಗೆ ಹೋಗುವ ಹೆಂಗಸಿಗೂ ದೊಡ್ಡ ಕಾಫಿ ಎಸ್ಟೇಟಿನ ಹಾಜರಿಯಲ್ಲಿ ಹೆಸರಿರುವ ಹೆಂಗಸಿಗೂ ಬಸುರು ಒಂದೇ, ಬೇನೆ ಒಂದೇ. ಆದರೆ ಕಾನೂನು ಕೊಡುವ ರಕ್ಷಣೆ ಒಂದೇ ಅಲ್ಲ.

ಎಂಬತ್ತು ದಿನಗಳ ಲೆಕ್ಕ

ಸೌಲಭ್ಯ ಪಡೆಯಲು ನಿರೀಕ್ಷಿತ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಅದೇ ಮಾಲೀಕರ ಬಳಿ ಕನಿಷ್ಠ 80 ದಿನ ದುಡಿದಿರಬೇಕು. ನಾಲ್ಕು ದಿನ ಒಂದು ತೋಟ, ಮೂರು ದಿನ ಇನ್ನೊಂದು ತೋಟ ಎಂದು ಹೋದವರ ದಿನಗಳನ್ನು ಒಟ್ಟುಗೂಡಿಸುವಂತಿಲ್ಲ.

ಸುಗ್ಗಿಯ ಕೆಲಸಗಾರರಿಗೆ ಇದು ಸೂಕ್ಷ್ಮವಾದ ಲೆಕ್ಕ. ವಾರಕ್ಕೆ 6 ದಿನದಂತೆ 13 ವಾರ ಕಾಫಿ ಕೊಯ್ದರೆ ಆಗುವುದು 78 ದಿನ. ಎರಡೇ ದಿನಗಳ ಕೊರತೆಯಿಂದ ಆರು ತಿಂಗಳ ಸೌಲಭ್ಯ ಕೈತಪ್ಪಬಹುದು. ಆದರೆ ಕಾನೂನಿನನ್ವಯ ಸಂಬಳ ಸಹಿತವಾಗಿ ಕೊಡುವ ರಜಾ ದಿನಗಳೂ ಲೇ-ಆಫ್ ದಿನಗಳೂ ಎಣಿಕೆಗೆ ಸೇರುತ್ತವೆ. ಸುಗ್ಗಿಯ ನಡುವೆ ಬರುವ ಜನವರಿ 26ರಂತಹ ದಿನಕ್ಕೆ ಇಲ್ಲಿ ಬೆಲೆಯಿದೆ. ಬಸುರಿನ ಆರಂಭದಲ್ಲೇ ಕಾಯಿಲೆ ಬಿದ್ದವರೂ ನಿರಾಶರಾಗಬೇಕಿಲ್ಲ. 12 ತಿಂಗಳ ಅವಧಿಯಲ್ಲಿ ಗರ್ಭ ಧರಿಸುವ ಮುಂಚಿನ ದಿನಗಳೂ ಸೇರುವುದರಿಂದ ಆಗ ದುಡಿದದ್ದೂ ಲೆಕ್ಕಕ್ಕೆ ಸಿಗುತ್ತದೆ.

ಸೌಲಭ್ಯದ ದರ ನಿಗದಿಯಾಗುವುದು ರಜೆಗೆ ಹಿಂದಿನ ಮೂರು ತಿಂಗಳಲ್ಲಿ ದುಡಿದ ದಿನಗಳ ಸರಾಸರಿ ಕೂಲಿಯ ಮೇಲೆ. ವಾರದಲ್ಲಿ ಎಷ್ಟು ದಿನಕ್ಕೆ ಹಣ ಕೊಡಬೇಕೆಂಬ ವಿವಾದ ಹುಟ್ಟಿದ್ದೂ ಒಂದು ತೋಟದಲ್ಲೇ. ಕೊಯಮತ್ತೂರು ಜಿಲ್ಲೆಯ ಎಸ್ಟೇಟೊಂದು ಹೆಣ್ಣಾಳಿಗೆ 12 ವಾರಗಳಲ್ಲಿ ಭಾನುವಾರಗಳನ್ನು ಬಿಟ್ಟು 72 ದಿನಕ್ಕೆ ಮಾತ್ರ ಹಣ ಲೆಕ್ಕ ಹಾಕಿತ್ತು. ಆಕೆ 84 ದಿನದ್ದನ್ನು ಕೇಳಿದರು. 1977ರಲ್ಲಿ ಸುಪ್ರೀಂ ಕೋರ್ಟ್ ವಾರವೆಂದರೆ ಭಾನುವಾರವೂ ಸೇರಿ ಏಳು ದಿನ ಎಂದು ಆಕೆಯ ಪರವಾಗಿ ತೀರ್ಪಿತ್ತಿತು. ಈಗಿನ 26 ವಾರಕ್ಕೆ ಅನ್ವಯಿಸಿದರೆ 156 ದಿನದ ಬದಲು 182 ದಿನ. ಸರಾಸರಿ ಕೂಲಿ 400 ರೂಪಾಯಿ ಎಂದಿಟ್ಟುಕೊಂಡರೆ 10,400 ರೂಪಾಯಿಗಳ ವ್ಯತ್ಯಾಸ. ಇದರ ಜೊತೆಗೆ ಮಾಲೀಕರು ಉಚಿತ ಹೆರಿಗೆ ಆರೈಕೆ ಒದಗಿಸದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಕೊಡಬೇಕು.

ಕಾಗದವಿಲ್ಲದ ಗೈರುಹಾಜರಿ

ಬಸುರಿ ಸುಸ್ತಾದಾಗ ಮೇಸ್ತ್ರಿಗೋ ರೈಟರಿಗೋ ಬಾಯಿಮಾತಿನಲ್ಲಿ ಹೇಳಿ ತವರಿಗೆ ಹೋಗುವುದು ಹಳ್ಳಿಯ ಕಡೆ ಸಹಜ. ಬಾಣಂತನ ಮುಗಿಸಿ ಮರಳಿದಾಗ 'ಹೇಳದೆ ಕೇಳದೆ ಕೆಲಸ ಬಿಟ್ಟವರು' ಎಂಬ ಮಾತು ಬಂದರೆ ಉತ್ತರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ವಜಾ ನಿಷೇಧ ಅನ್ವಯಿಸುವುದು ಕಾನೂನಿಗೆ ಅನುಸಾರವಾದ ಗೈರುಹಾಜರಿಗೆ ಮಾತ್ರ. ಆದ್ದರಿಂದ ವಿವಾದ ಬಂದಾಗ ಮೊದಲು ಕೇಳುವುದು ಸೂಚನೆ ಕೊಟ್ಟದ್ದಕ್ಕೆ ಆಧಾರವೇನು ಎಂಬ ಪ್ರಶ್ನೆಯನ್ನೇ.

ಸೂಚನೆಯಲ್ಲಿ ರಜೆ ಆರಂಭವಾಗುವ ದಿನಾಂಕ, ಆ ಅವಧಿಯಲ್ಲಿ ಬೇರೆಲ್ಲೂ ಕೆಲಸ ಮಾಡುವುದಿಲ್ಲವೆಂಬ ಮಾತು, ಹಣವನ್ನು ಯಾರಿಗೆ ಕೊಡಬೇಕೆಂಬ ವಿವರ ಇರಬೇಕು. ಎರಡು ಪ್ರತಿ ಮಾಡಿ ಒಂದಕ್ಕೆ ಸಹಿ ಪಡೆಯಬೇಕು. ಸಹಿ ಹಾಕಲು ಒಪ್ಪದಿದ್ದರೆ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳುಹಿಸಬಹುದು. ತಾಯಿ ಕಾರ್ಡಿನ ನಕಲು, ಆಸ್ಪತ್ರೆಯ ಚೀಟಿಗಳು, ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಕೂಲಿ ಜಮೆಯಾದ ಪುಟ ಇವೆಲ್ಲ ಜೋಪಾನವಾಗಿರಲಿ.

ಮೊದಲೇ ಸೂಚನೆ ಕೊಡಲಾಗದಿದ್ದವರು ಹೆರಿಗೆಯಾದ ಮೇಲೆ ಆದಷ್ಟು ಬೇಗ ಕೊಡಬಹುದು. ಸೂಚನೆ ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ಹೆರಿಗೆ ಸೌಲಭ್ಯದ ಹಕ್ಕು ನಾಶವಾಗುವುದಿಲ್ಲ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಬಸುರಿನ ಪುರಾವೆ ಕೊಟ್ಟಾಗ ಮುಂಗಡವಾಗಿಯೂ, ನಂತರದ ಹಣವನ್ನು ಮಗು ಹುಟ್ಟಿದ ಪುರಾವೆ ಕೊಟ್ಟ 48 ಗಂಟೆಯೊಳಗೂ ಪಾವತಿಸಬೇಕು. ರಜೆಯಲ್ಲಿದ್ದುಕೊಂಡು ಬೇರೆ ಕಡೆ ಕೂಲಿಗೆ ಹೋದರೆ ಆ ಅವಧಿಯ ಹಣದ ಹಕ್ಕು ಹೋಗುತ್ತದೆ ಎಂಬುದೂ ತಿಳಿದಿರಲಿ.

ಒಂದು ತಿಂಗಳು ಸಾಲದಿದ್ದರೆ

ಕಾನೂನಿನ ಬಿರುಕು ಇರುವುದು ಇಲ್ಲಿ. ಮೂರನೇ ತಿಂಗಳಲ್ಲಿ ವಾಂತಿಯಿಂದ ನಿತ್ರಾಣರಾಗಿ, ಐದನೇ ತಿಂಗಳಿನಿಂದ ಮಲಗಿಯೇ ಇರಬೇಕೆಂದು ವೈದ್ಯರು ಸೂಚಿಸಿದವರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಹೆರಿಗೆಗೆ ಮುಂಚಿನ 8 ವಾರ ಮತ್ತು ಕಾಯಿಲೆಯ ಒಂದು ತಿಂಗಳು ಸೇರಿದರೆ ಸುಮಾರು ಮೂರು ತಿಂಗಳು ದಾಟುವುದಿಲ್ಲ. ಅದಕ್ಕೂ ಮೀರಿದ ದಿನಗಳಿಗೆ ಗಳಿಕೆ ರಜೆ, ಸಾಮಾನ್ಯ ಅನಾರೋಗ್ಯ ರಜೆ ಅಥವಾ ಸಂಬಳರಹಿತ ರಜೆಯನ್ನೇ ಅವಲಂಬಿಸಬೇಕು. ಆ ದಿನಗಳಿಗೆ ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ನೇರ ವಜಾ ನಿಷೇಧ ಕಾಣುವುದಿಲ್ಲ. ಉಳಿಯುವುದು ಹಣದ ರಕ್ಷಣೆ ಮಾತ್ರ. ಇಂತಹವರು ಸಂಬಳರಹಿತ ರಜೆಗಾದರೂ ಲಿಖಿತ ಅರ್ಜಿ ಕೊಟ್ಟು ಮಂಜೂರಾತಿ ಪಡೆಯುವುದು ಅತ್ಯಗತ್ಯ.

ಇ.ಎಸ್.ಐ. ವ್ಯಾಪ್ತಿಯಲ್ಲಿರುವವರ ಸ್ಥಿತಿ ಕೊಂಚ ಮೇಲು. ಅವರಿಗೆ ಹೆರಿಗೆಯ ಹಣವನ್ನು ನಿಗಮವೇ ಕೊಡುತ್ತದೆ. ಅನಾರೋಗ್ಯ ಭತ್ಯೆ ಅಥವಾ ಹೆರಿಗೆ ಭತ್ಯೆ ಪಡೆಯುತ್ತಿರುವ ನೌಕರರನ್ನು ಆ ಅವಧಿಯಲ್ಲಿ ವಜಾ ಮಾಡುವುದನ್ನು 1948ರ ಇ.ಎಸ್.ಐ. ಕಾಯ್ದೆಯ 73ನೇ ಕಲಂ ನಿಷೇಧಿಸಿತ್ತು. ರಾಜ್ಯ ಸರ್ಕಾರಿ ನೌಕರರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳ 135ನೇ ನಿಯಮದಂತೆ 180 ದಿನಗಳ ಹೆರಿಗೆ ರಜೆಯಿದೆ.

ಯುರೋಪಿನಲ್ಲಿ ಇದೇ ಪ್ರಶ್ನೆ ಬೇರೆ ರೀತಿಯಲ್ಲಿ ಇತ್ಯರ್ಥವಾಗಿದೆ. 26 ವಾರಗಳಿಗಿಂತ ಹೆಚ್ಚು ಕಾಯಿಲೆಯ ರಜೆ ಪಡೆದವರನ್ನು ತೆಗೆಯುವ ನಿಯಮ ಬ್ರಿಟನ್ನಿನ ಕಂಪನಿಯೊಂದರಲ್ಲಿತ್ತು. ಬಸುರಿನ ತೊಂದರೆಯಿಂದ ಬಹುಕಾಲ ಗೈರಾದ ಚಾಲಕಿಯೊಬ್ಬರನ್ನು ಆ ನಿಯಮದಡಿ ತೆಗೆಯಲಾಗಿತ್ತು. ಬಸುರಿನ ಅವಧಿಯ ಯಾವುದೇ ಹಂತದಲ್ಲಿ ಬಸುರಿನ ಕಾಯಿಲೆಯ ಗೈರುಹಾಜರಿಗಾಗಿ ವಜಾ ಮಾಡುವುದು ಲಿಂಗ ತಾರತಮ್ಯವೆಂದು ಯುರೋಪಿನ ನ್ಯಾಯಾಲಯ 1998ರಲ್ಲಿ ಹೇಳಿತು. ತಿಂಗಳ ಎಣಿಕೆಯಿಲ್ಲದ ಇಂತಹ ರಕ್ಷಣೆ ಭಾರತದ ಶಾಸನದಲ್ಲಿಲ್ಲ.

ದಿನಗೂಲಿ, ಗುತ್ತಿಗೆಯವರಿಗೂ ಹಕ್ಕು

'ನೀವು ಕಾಯಂ ನೌಕರರಲ್ಲ' ಎಂಬ ಉತ್ತರಕ್ಕೆ ನ್ಯಾಯಾಲಯಗಳು ಮನ್ನಣೆ ಕೊಟ್ಟಿಲ್ಲ. ದೆಹಲಿ ಮಹಾನಗರ ಪಾಲಿಕೆಯಲ್ಲಿ ಮಸ್ಟರ್ ರೋಲ್ ಮೇಲೆ ದುಡಿಯುತ್ತಿದ್ದ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದ ಮಾರ್ಚ್ 8ರಂದು ತೀರ್ಪು ನೀಡಿತು. 2023ರ ಆಗಸ್ಟ್‌ನಲ್ಲಿ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ಗುತ್ತಿಗೆ ಮುಗಿಯಲು 11 ದಿನ ಉಳಿದಿದೆಯೆಂದು ಅಷ್ಟಕ್ಕೇ ರಜೆ ನೀಡಲಾಗಿತ್ತು. ಅರ್ಹತೆ ಪಡೆದವರಿಗೆ ಸೌಲಭ್ಯವು ಗುತ್ತಿಗೆಯ ಅವಧಿಯನ್ನು ದಾಟಿಯೂ ಸಲ್ಲುತ್ತದೆ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ದೂರು ಎಲ್ಲಿ ಕೊಡಬೇಕು?

ಹಣ ತಡೆಹಿಡಿದರೆ ಅಥವಾ ರಜೆಯಲ್ಲಿರುವಾಗ ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಸಲ್ಲಿಸಬಹುದು. ಸಂಹಿತೆಯಲ್ಲಿ ಅವರನ್ನು ನಿರೀಕ್ಷಕ ಹಾಗೂ ಸುಗಮಕಾರ ಎಂದು ಕರೆಯಲಾಗಿದೆ. ವಜಾ ಆದೇಶ ಅಥವಾ ಸೌಲಭ್ಯ ನಿರಾಕರಣೆಯ ಆದೇಶ ತಲುಪಿದ 60 ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬೇಕು. ಬಾಣಂತನದ ನಡುವೆ ಈ 60 ದಿನ ಕಳೆದುಹೋಗುವುದು ಸುಲಭ. ಆದ್ದರಿಂದ ಮನೆಯವರು ಆದೇಶ ಕೈಸೇರಿದ ದಿನಾಂಕವನ್ನು ಗುರುತು ಹಾಕಿಟ್ಟುಕೊಳ್ಳಬೇಕು.

ವಕೀಲರ ಶುಲ್ಕದ ಭಯವೂ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ಇದಕ್ಕಾಗಿ ತಾಲ್ಲೂಕು ಕೇಂದ್ರದ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು.

ಪಟ್ಟಿಯ ಹೊರಗೆ ಉಳಿದವರು

ಸಣ್ಣ ಅಡಿಕೆ ತೋಟ, ಗದ್ದೆ, ಮನೆಗೆಲಸಗಳಲ್ಲಿ ದುಡಿಯುವವರಿಗೆ ಮಾಲೀಕರಿಂದ ಕೇಳುವ ಹೆರಿಗೆ ಹಕ್ಕು ಇಲ್ಲವೆಂದೇ ಹೇಳಬೇಕು. ಅವರಿಗೆ ಇರುವುದು ಸರ್ಕಾರದ ಯೋಜನೆಗಳು. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ನೀಡಲಾಗುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮಾತೃಪೂರ್ಣ ಯೋಜನೆ ಅಂಗನವಾಡಿಗಳಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿಯೂಟ ನೀಡುವ ಉದ್ದೇಶದ್ದು. ಇವು ಉಪಯುಕ್ತವೇ ಆದರೂ ಇವುಗಳಲ್ಲಿ ಯಾವುದೂ ಕೆಲಸವನ್ನು ಉಳಿಸಿಕೊಡುವುದಿಲ್ಲ. ಮೇಲಿನ ಉದಾಹರಣೆಯ 400 ರೂಪಾಯಿ ಕೂಲಿಯ ಲೆಕ್ಕದಲ್ಲಿ ಕಾಫಿ ಎಸ್ಟೇಟಿನ ಕೆಲಸಗಾರ್ತಿಗೆ 182 ದಿನಕ್ಕೆ 72,800 ರೂಪಾಯಿ ಸಲ್ಲುತ್ತದೆ. ಬೇಲಿಯಾಚೆಯ ಅಡಿಕೆ ತೋಟದವರಿಗೆ ಮೊದಲ ಹೆರಿಗೆಗೆ 5,000.

ಈ ಅಂತರವನ್ನು ತುಂಬಬೇಕಾದದ್ದು ಶಾಸನ ಮಾಡುವವರು. ಅಲ್ಲಿಯವರೆಗೆ ವ್ಯಾಪ್ತಿಯೊಳಗೆ ಇರುವವರಾದರೂ ತಮಗೆ ಸಲ್ಲಬೇಕಾದುದನ್ನು ಕಳೆದುಕೊಳ್ಳದಿರಲು ಮಾಡಬಹುದಾದ ಕೆಲಸ ಸಣ್ಣದು. ಬಸುರು ಖಚಿತವಾದ ತಿಂಗಳೇ ಹಾಜರಿಯ ದಿನಗಳನ್ನು ಎಣಿಸಿಟ್ಟುಕೊಳ್ಳಬೇಕು. ಕಾಯಿಲೆ ಬಿದ್ದ ದಿನವೇ ವೈದ್ಯರ ಚೀಟಿ ಪಡೆಯಬೇಕು. ತವರಿಗೆ ಹೊರಡುವ ಮುನ್ನ ಒಂದು ಸೂಚನೆ ಬರೆದು ಕೊಟ್ಟು, ಅದರ ಪ್ರತಿಯನ್ನು ತಾಯಿ ಕಾರ್ಡಿನ ಜೊತೆಯಲ್ಲೇ ಇಟ್ಟುಕೊಳ್ಳಬೇಕು.